ನಜರೇತಿನ ಹುಡುಗ: ಯೇಸುವಿನ ಬಾಲ್ಯವನ್ನು ಮಕ್ಕಳಿಗೆ ಕಲಿಸುವ ಬಗೆ

ಕ್ರಿಸ್ಮಸ್ ಮುಗಿದು ಗೋದಲಿಯ ಬೊಂಬೆಗಳು ಪೆಟ್ಟಿಗೆ ಸೇರಿದ ಕೆಲವೇ ವಾರಗಳಲ್ಲಿ, ಹುಲ್ಲಿನ ಮೇಲೆ ಮಲಗಿದ್ದ ಕೂಸು ಸಂಡೇ ಸ್ಕೂಲಿನ ಪಾಠದಲ್ಲಿ ಗಡ್ಡ ಬಿಟ್ಟ ಮೂವತ್ತು ವರ್ಷದ ಗಂಡಸಾಗಿ ಯೋರ್ದನ್ ಹೊಳೆಯ ನೀರಿನಲ್ಲಿ ನಿಂತಿರುತ್ತದೆ. "ನಡುವೆ ಏನಾಯಿತು, ಟೀಚರ್?" ಎಂದು ಪ್ರತಿ ವರ್ಷವೂ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ. ಮೊದಮೊದಲು ನಾನು "ಅಪ್ಪ ಅಮ್ಮನ ಮಾತು ಕೇಳಿಕೊಂಡು ಒಳ್ಳೆಯ ಹುಡುಗನಾಗಿದ್ದ" ಎಂದು ಹೇಳಿ ಮುಂದಿನ ಪಾಠಕ್ಕೆ ದಾಟಿಬಿಡುತ್ತಿದ್ದೆ. ಕೇಳಿದ ಮಗುವಿನ ಬಾಯಿ ಮುಚ್ಚಿಸುವುದಕ್ಕೆ ಅಷ್ಟು ಸಾಕಾಗುತ್ತಿತ್ತು, ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಸಂಡೇ ಸ್ಕೂಲಿನಲ್ಲಾಗಲಿ, ಧರ್ಮೋಪದೇಶದ ತರಗತಿಯಲ್ಲಾಗಲಿ, ರಾತ್ರಿ ಊಟವಾದ ಮೇಲೆ ಮನೆಯಲ್ಲಾಗಲಿ ಆ ಪ್ರಶ್ನೆಗೆ ನ್ಯಾಯ ಸಲ್ಲಿಸಬೇಕೆಂದಿರುವವರಿಗಾಗಿ ಈ ಬರಹ.

ಈ ನಡುವಿನ ಕಾಲವನ್ನು ಕಲಿಸದೆ ಬಿಟ್ಟರೆ ಮಕ್ಕಳು ಅದನ್ನು ತಮ್ಮದೇ ರೀತಿಯಲ್ಲಿ ತುಂಬಿಕೊಳ್ಳುತ್ತಾರೆ. ದೇವರಾದುದರಿಂದ ಅವನಿಗೆ ಹುಟ್ಟುವಾಗಲೇ ಓದುಬರಹ ಬರುತ್ತಿತ್ತು, ಬಿದ್ದರೂ ಗಾಯವಾಗುತ್ತಿರಲಿಲ್ಲ, ಅಳುತ್ತಿದ್ದುದು ಸುಮ್ಮನೆ ತೋರಿಕೆಗೆ ಎಂಬ ಉತ್ತರಗಳನ್ನು ನಾನು ಏಳೆಂಟು ವರ್ಷದ ಮಕ್ಕಳ ಬಾಯಿಂದಲೇ ಕೇಳಿದ್ದೇನೆ. ಮಗುವಿನ ವೇಷ ಹಾಕಿಕೊಂಡ ದೇವರು ಎಂಬ ಈ ಕಲ್ಪನೆಯನ್ನು ಕ್ರೈಸ್ತ ಸಭೆಯು ಆರಂಭದ ಶತಮಾನಗಳಲ್ಲಿಯೇ ತಳ್ಳಿಹಾಕಿತ್ತು; ಕ್ರಿಸ್ತನು ನಿಜವಾಗಿ ದೇವರು, ನಿಜವಾಗಿ ಮನುಷ್ಯನು ಎಂದು 451ರಲ್ಲಿ ಕಾಲ್ಸಿಡೋನಿನ ಮಹಾಸಭೆ ಹೇಳಿದ್ದರಲ್ಲಿ ಎರಡನೆಯ ಅರ್ಧಕ್ಕೆ ಮೊದಲನೆಯದರಷ್ಟೇ ತೂಕವಿದೆ. ಮಕ್ಕಳ ಮುಂದೆ ಕಾಲ್ಸಿಡೋನಿನ ಹೆಸರೆತ್ತುವ ಅಗತ್ಯವಿಲ್ಲ. ಯೇಸು ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆಯುತ್ತಾ ಹೋದನೆಂದು ಲೂಕನು ತನ್ನ ಸುವಾರ್ತೆಯಲ್ಲಿ (ಯೇಸುವಿನ ಜೀವನವನ್ನು ಹೇಳುವ ಸತ್ಯವೇದದ ನಾಲ್ಕು ಪುಸ್ತಕಗಳಲ್ಲಿ ಒಂದು) ಬರೆದಿರುವುದನ್ನು ಓದಿಸಿ, "ಮೊದಲೇ ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹಿಡಿಯುತ್ತದೆಯೇ?" ಎಂದು ಕೇಳಿದರೆ ಅವರೇ ಉತ್ತರ ಹೇಳುತ್ತಾರೆ.

ಎರಡು ಸುವಾರ್ತೆಗಳನ್ನು ಬೇರೆಬೇರೆಯಾಗಿ ಓದಿಕೊಳ್ಳಿ

ಪಾಠ ತಯಾರಿಸುವವರು ಮೊದಲು ಲೂಕನ ಆರಂಭದ ಎರಡು ಅಧ್ಯಾಯಗಳನ್ನೂ ಮತ್ತಾಯನ ಆರಂಭದ ಎರಡು ಅಧ್ಯಾಯಗಳನ್ನೂ ನಡುವೆ ಒಂದು ದಿನ ಬಿಟ್ಟು ಓದಬೇಕು. ಒಟ್ಟಿಗೆ ಓದಿದರೆ ಕ್ರಿಸ್ಮಸ್ ನಾಟಕದ ದೃಶ್ಯಗಳು ಕಣ್ಣಿಗೆ ಕಟ್ಟಿ, ಯಾವುದು ಎಲ್ಲಿದೆ ಎಂಬುದು ಕಲಸಿಹೋಗುತ್ತದೆ. ಕುರುಬರು, ಗೋದಲಿ, ದೇವಾಲಯದಲ್ಲಿ ಕೂಸನ್ನು ಕಂಡ ಸಿಮೆಯೋನ ಮತ್ತು ಅನ್ನಳು, ಹನ್ನೆರಡನೆಯ ವರ್ಷದ ದೇವಾಲಯದ ಪ್ರಸಂಗ ಇವೆಲ್ಲ ಲೂಕನಲ್ಲಿ ಮಾತ್ರ ಇವೆ. ಜೋಯಿಸರು, ನಕ್ಷತ್ರ, ಹೆರೋದ ಅರಸನ ಕ್ರೌರ್ಯ, ಐಗುಪ್ತಕ್ಕೆ ಓಡಿಹೋದದ್ದು ಮತ್ತಾಯನಲ್ಲಿ ಮಾತ್ರ ಇವೆ. ಮಾರ್ಕ ಮತ್ತು ಯೋಹಾನರು ಬಾಲ್ಯದ ಕಥೆಯನ್ನೇ ಹೇಳುವುದಿಲ್ಲ. ಜೋಯಿಸರು ಮೂವರೆಂದು ಮತ್ತಾಯನು ಎಲ್ಲಿಯೂ ಎಣಿಸಿಲ್ಲ, ಅವರನ್ನು ರಾಜರೆಂದು ಕರೆದಿಲ್ಲ, ಅವರು ಬಂದು ಕಂಡದ್ದು ಕೊಟ್ಟಿಗೆಯನ್ನಲ್ಲ, ಒಂದು ಮನೆಯನ್ನು. ಕಾಣಿಕೆಗಳು ಮೂರು ಇದ್ದುದರಿಂದ ತಂದವರೂ ಮೂವರಾದರು. ಗೋದಲಿಯ ಬೊಂಬೆಗಳನ್ನು ಇದಕ್ಕಾಗಿ ಎತ್ತಿಡಬೇಕಿಲ್ಲ. ಆದರೆ ಹತ್ತು ವರ್ಷ ದಾಟಿದ ಮಕ್ಕಳಿಗೆ ವಾಕ್ಯವನ್ನು ತೆರೆದು "ಇಲ್ಲಿ ಒಂಟೆ ಎಲ್ಲಿದೆ, ಹುಡುಕಿ" ಎಂದರೆ ಅವರು ತುಂಬ ಉತ್ಸಾಹದಿಂದ ಹುಡುಕುತ್ತಾರೆ, ಮತ್ತು ಸಿಕ್ಕದೆ ಹೋದಾಗ ಇನ್ನೂ ಉತ್ಸಾಹಗೊಳ್ಳುತ್ತಾರೆ.

ನಮ್ಮ ಅನುವಾದದ ಒಂದು ಪದ ಕನ್ನಡದ ಮಕ್ಕಳನ್ನು ವಿಶೇಷವಾಗಿ ದಾರಿ ತಪ್ಪಿಸುತ್ತದೆ. ಛತ್ರದಲ್ಲಿ ಸ್ಥಳವಿರಲಿಲ್ಲ ಎಂದು ಓದಿದಾಗ ಇಂದಿನ ಮಗುವಿಗೆ ನೆನಪಾಗುವುದು ಮದುವೆಯ ಛತ್ರ. ಲೂಕನು ಬಳಸಿರುವ ಗ್ರೀಕ್ ಪದವನ್ನೇ ಆತ ಮುಂದೆ ಕಡೆಯ ಊಟ ನಡೆದ ಕೋಣೆಗೂ ಬಳಸುತ್ತಾನೆ. ಹಣ ಕೊಟ್ಟು ತಂಗುವ ಸ್ಥಳಕ್ಕೆ ಅವನಲ್ಲಿ ಬೇರೆ ಪದವೇ ಇದೆ. ಹೀಗಾಗಿ ನೆಂಟರ ಮನೆಯ ಅತಿಥಿಗಳ ಕೋಣೆ ತುಂಬಿಹೋಗಿದ್ದರಿಂದ ಮನೆಯೊಳಗೆ ದನ ಕಟ್ಟುವ ಭಾಗದಲ್ಲಿ ಹೆರಿಗೆಯಾಯಿತು ಎಂದು ಅರ್ಥ ಮಾಡುವ ವಿದ್ವಾಂಸರು ಅನೇಕರಿದ್ದಾರೆ. ಇದನ್ನು ವಿವರಿಸುವುದಕ್ಕೆ ಕನ್ನಡದವರಿಗೆ ಹೆಚ್ಚು ಕಷ್ಟವಿಲ್ಲ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಅದರಾಚೆ ಎತ್ತರದ ಕಟ್ಟೆಯ ಮೇಲೆ ಮನೆಮಂದಿ ಇರುವುದನ್ನು ಕಂಡ ಅಜ್ಜಿಯೊಬ್ಬರು ಸಿಕ್ಕರೆ ಅವರನ್ನೇ ತರಗತಿಗೆ ಕರೆತನ್ನಿ. ಬೇತ್ಲೆಹೇಮಿನ ಆ ರಾತ್ರಿಯನ್ನು ಅವರಷ್ಟು ಚೆನ್ನಾಗಿ ವಿವರಿಸಲು ನಮ್ಮಿಂದಾಗದು.

ಬಂದನು, ಬಂದಿರಬೇಕು, ಬಂದನಂತೆ

ಈ ವಿಷಯವನ್ನು ಕಲಿಸುವಾಗ ಎದುರಾಗುವ ದೊಡ್ಡ ತೊಡಕೆಂದರೆ ಬರೆದಿರುವುದು ಬಹಳ ಕಡಿಮೆ. ಶೈಶವದ ನಂತರದ ಬೆಳವಣಿಗೆಯ ಕುರಿತು ಲೂಕನು ಬರೆದಿರುವುದು ಎರಡನೆಯ ಅಧ್ಯಾಯದ 40ರಿಂದ 52ರವರೆಗಿನ ಹದಿಮೂರು ವಚನಗಳು ಮಾತ್ರ. ಉಳಿದದ್ದನ್ನು ಕಲ್ಪನೆಯಿಂದ ತುಂಬಿದರೆ ಮಕ್ಕಳು ಕಲ್ಪನೆಯನ್ನೂ ವಾಕ್ಯವೆಂದೇ ನಂಬುತ್ತಾರೆ. ಏನನ್ನೂ ತುಂಬದಿದ್ದರೆ ಪಾಠವೇ ಇಲ್ಲ. ಈ ಇಕ್ಕಟ್ಟಿಗೆ ಕನ್ನಡದ ಕ್ರಿಯಾಪದವೇ ಪರಿಹಾರ ಕೊಡುತ್ತದೆ. ಸುವಾರ್ತೆಯಲ್ಲಿ ಬರೆದಿರುವುದನ್ನು ಹೇಳುವಾಗ "ಹೋದನು, ಕೇಳಿದನು, ಬೆಳೆದನು" ಎನ್ನಿ. ನಜರೇತು ಇದ್ದ ಗಲಿಲಾಯ ಸೀಮೆಯ ಆ ಕಾಲದ ಬದುಕಿನಿಂದ ನಾವು ಊಹಿಸಬಹುದಾದದ್ದನ್ನು ಹೇಳುವಾಗ "ನೀರು ತಂದಿರಬೇಕು, ಕಲಿತಿರಬೇಕು" ಎನ್ನಿ. ಮುಂದಿನ ಕಾಲದವರು ಕಟ್ಟಿದ ಕಥೆಯನ್ನು ಹೇಳುವಾಗ "ಮಾಡಿದನಂತೆ" ಎನ್ನಿ.

ತರಗತಿಯ ಮೊದಲ ದಿನ ಇದನ್ನು ಆಟವಾಗಿ ಅಭ್ಯಾಸ ಮಾಡಿಸಬಹುದು. ಮಕ್ಕಳ ತಾತನ ಬಾಲ್ಯದ ಬಗ್ಗೆಯೇ ಮೂರು ವಾಕ್ಯ ಹೇಳಿಸಿ: ತಾತನ ಶಾಲೆಯ ಸರ್ಟಿಫಿಕೇಟಿನಲ್ಲಿ ಇರುವುದು ಒಂದು, ಆ ಊರಿನಲ್ಲಿ ಬಸ್ಸಿರಲಿಲ್ಲವಾದ್ದರಿಂದ ನಡೆದೇ ಹೋಗಿರಬೇಕು ಎಂಬುದು ಇನ್ನೊಂದು, ತಾತ ಒಮ್ಮೆ ಹುಲಿಯನ್ನು ಕಂಡರಂತೆ ಎಂಬುದು ಮತ್ತೊಂದು. ಏಳು ವರ್ಷದ ಮಗುವಿಗೂ ಈ ವ್ಯತ್ಯಾಸ ಹತ್ತು ನಿಮಿಷದಲ್ಲಿ ಹಿಡಿಸುತ್ತದೆ. ಆಮೇಲೆ ಕಾವಲು ಕಾಯುವ ಕೆಲಸವನ್ನು ಅವರಿಗೇ ಬಿಡಿ. ನಾನು ಬಾಯಿತಪ್ಪಿ "ಯೇಸು ಯೋಸೇಫನ ಜೊತೆ ಬಾಗಿಲು ಮಾಡಿದನು" ಎಂದಾಗ "ಮಾಡಿರಬೇಕು, ಟೀಚರ್!" ಎಂದು ಇಡೀ ತರಗತಿ ಕೂಗಿದ್ದುಂಟು.

ನಜರೇತಿನ ಮನೆ

"ಇರಬೇಕು" ಎಂಬ ಕ್ರಿಯಾಪದಕ್ಕೆ ಹೆಚ್ಚು ಕೆಲಸವಿರುವುದು ಇಲ್ಲಿಯೇ. ಆದ್ದರಿಂದ ಎರಡು ತರಗತಿಗಳನ್ನಾದರೂ ಇದಕ್ಕೆ ಮೀಸಲಿಡಿ. ನಜರೇತು ಆಗ ಕೆಲವು ನೂರು ಜನರಿದ್ದ ಪುಟ್ಟ ಹಳ್ಳಿ. ಹಳೆಯ ಒಡಂಬಡಿಕೆಯಲ್ಲಿ ಅದರ ಹೆಸರೇ ಇಲ್ಲ. "ನಜರೇತಿನಿಂದ ಒಳ್ಳೆಯದೇನಾದರೂ ಬಂದೀತೇ" ಎಂಬ ನತಾನಯೇಲನ ಮಾತು ಯೋಹಾನನ ಸುವಾರ್ತೆಯಲ್ಲಿದೆ. 2009ರಲ್ಲಿ ಇಸ್ರೇಲಿನ ಪುರಾತತ್ವ ಇಲಾಖೆಯವರು ಈಗಿನ ನಜರೇತಿನಲ್ಲಿ, ಮಂಗಳವಾರ್ತೆಯ ಮಹಾದೇವಾಲಯದ ಹತ್ತಿರ, ಯೇಸುವಿನ ಕಾಲದ ಒಂದು ಮನೆಯ ಅವಶೇಷಗಳನ್ನು ಅಗೆದು ತೆಗೆದರು. ಎರಡು ಕೋಣೆಗಳು, ಒಂದು ಅಂಗಳ, ಮಳೆನೀರು ಸಂಗ್ರಹಿಸುವ ಒಂದು ತೊಟ್ಟಿ, ಸುಣ್ಣಕಲ್ಲಿನಿಂದ ಮಾಡಿದ ಪಾತ್ರೆಗಳ ಚೂರುಗಳು ಅಲ್ಲಿದ್ದವು. ಅದು ಯೇಸುವಿನ ಮನೆಯೆಂದು ಯಾರೂ ಹೇಳಿಲ್ಲ. ಆದರೆ ಆತ ಬೆಳೆದದ್ದು ಅಂಥ ಮನೆಯಲ್ಲಿಯೇ ಇರಬೇಕು, ಮತ್ತು ಆ ಅಂಗಳದಲ್ಲಿ ಆಡಿದ ಮಕ್ಕಳು ಆತನಿಗೆ ಗೊತ್ತಿದ್ದಿರಬೇಕು.

ನೆಲದ ಮೇಲೆ ಸೀಮೆಸುಣ್ಣದಿಂದ ಆ ಮನೆಯ ನಕ್ಷೆ ಬರೆದು ಮಕ್ಕಳನ್ನು ಅದರೊಳಗೆ ಕೂರಿಸಿ. ಹತ್ತು ಮಕ್ಕಳು ಕುಳಿತರೆ ಎಷ್ಟು ಇಕ್ಕಟ್ಟೆಂಬುದು ಹೇಳದೆಯೇ ತಿಳಿಯುತ್ತದೆ. ಮಾಡು ಚಪ್ಪಟೆಯಾಗಿತ್ತು, ಬೇಸಿಗೆಯಲ್ಲಿ ಅದರ ಮೇಲೆಯೇ ಮಲಗುತ್ತಿದ್ದರು. ಊಟಕ್ಕೆ ಜವೆಗೋಧಿ ಅಥವಾ ಗೋಧಿಯ ರೊಟ್ಟಿ, ಆಲಿವ್ ಕಾಯಿ ಮತ್ತು ಎಣ್ಣೆ, ಬೇಳೆ, ಅಂಜೂರ, ಅಪರೂಪಕ್ಕೆ ಒಣಮೀನು. ಮಾಂಸವೆಂದರೆ ಹಬ್ಬದ ದಿನ. ಬೀಸುಕಲ್ಲನ್ನು ಕಂಡಿರುವ ಮಕ್ಕಳು ಈಗ ಕಡಿಮೆ. ಸಿಕ್ಕರೆ ಒಂದು ಬೀಸುಕಲ್ಲು ತಂದು ಒಂದು ಹಿಡಿ ಗೋಧಿ ಬೀಸಿಸಿ. ಒಂದು ಮನೆಯ ಒಂದು ದಿನದ ಹಿಟ್ಟಿಗೆ ಮರಿಯಳು ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕಿತ್ತೆಂದು ಲೆಕ್ಕ ಹಾಕಿಸಿ.

ಯೋಸೇಫನ ಕಸುಬಿನ ಬಗ್ಗೆ ಒಂದು ಎಚ್ಚರಿಕೆ ಬೇಕು. ಮತ್ತಾಯನು ಯೇಸುವನ್ನು ಬಡಗಿಯ ಮಗನೆಂದೂ ಮಾರ್ಕನು ಆತನನ್ನೇ ಬಡಗಿಯೆಂದೂ ಹೇಳುತ್ತಾರೆ. ಅಲ್ಲಿರುವ ಗ್ರೀಕ್ ಪದ "ತೆಕ್ತೋನ್" ಎಂಬುದು; ಮರಗೆಲಸದ ಜೊತೆಗೆ ಕಲ್ಲುಕೆಲಸ, ಮನೆ ಕಟ್ಟುವ ಕೆಲಸವೂ ಅದರಲ್ಲಿ ಸೇರುತ್ತದೆ. ಆದ್ದರಿಂದ ಕುರ್ಚಿ ಮೇಜು ಮಾಡುವ ಈಗಿನ ಅಂಗಡಿಯ ಚಿತ್ರಕ್ಕಿಂತ, ಊರಿಗೆ ಬೇಕಾದ ನೊಗ, ನೇಗಿಲು, ಬಾಗಿಲು, ತೊಲೆ, ಗೋಡೆ ಎಲ್ಲವನ್ನೂ ಮಾಡಿಕೊಡುತ್ತಿದ್ದ ಹಳ್ಳಿಯ ಆಚಾರಿಯ ಚಿತ್ರ ಹೆಚ್ಚು ಹತ್ತಿರದ್ದು. ನಜರೇತಿನಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿದ್ದ ಸೆಪ್ಫೋರಿಸ್ ಪಟ್ಟಣವನ್ನು ಹೆರೋದ ಅರಸನ ಮಗ ಹೆರೋದ ಅಂತಿಪನು ಆ ವರ್ಷಗಳಲ್ಲಿಯೇ ಮತ್ತೆ ಕಟ್ಟಿಸುತ್ತಿದ್ದನು. ತಂದೆಮಗ ಅಲ್ಲಿಗೆ ಕೆಲಸಕ್ಕೆ ಹೋಗಿರಬಹುದೆಂದು ಹಲವರು ಊಹಿಸುತ್ತಾರೆ. ಸುವಾರ್ತೆಗಳಲ್ಲಿ ಆ ಪಟ್ಟಣದ ಹೆಸರಿಲ್ಲದಿರುವುದರಿಂದ ಇಲ್ಲಿ "ಇರಬೇಕು" ಎಂಬುದೂ ಹೆಚ್ಚಾಯಿತು, "ಇರಬಹುದು" ಎನ್ನಿ.

ಮನೆಯ ಮಾತು ಅರಮಾಯಿಕ್. ಆ ಮಾತಿನಲ್ಲಿ ಆತನ ಹೆಸರು ಯೇಶೂಅ, ಆ ಕಾಲದಲ್ಲಿ ಓಣಿಗೊಬ್ಬರಿಗೆ ಇದ್ದಂಥ ಸಾಮಾನ್ಯ ಹೆಸರು. ತಂದೆಯನ್ನು "ಅಬ್ಬಾ" ಎನ್ನುತ್ತಿದ್ದರು. ಕನ್ನಡದ "ಅಪ್ಪಾ"ಗೆ ಅದು ಇಷ್ಟು ಹತ್ತಿರವಿರುವುದು ಕಾಕತಾಳೀಯವೇ ಆದರೂ ಮಕ್ಕಳಿಗೆ ಅದರಿಂದ ಆಗುವ ಸಂತೋಷವನ್ನು ಕೆಡಿಸಬೇಡಿ. ಗಲಿಲಾಯದವರ ಮಾತಿನ ಧಾಟಿಯೇ ಬೇರೆ. ಯೆರೂಸಲೇಮಿನಲ್ಲಿ ಪೇತ್ರನನ್ನು ಅವನ ಮಾತಿನಿಂದಲೇ ಗುರುತು ಹಿಡಿದರೆಂದು ಮತ್ತಾಯನು ಬರೆದಿದ್ದಾನೆ. ಬೆಂಗಳೂರಿನ ಶಾಲೆಗೆ ಬಂದ ಬೀದರಿನ ಅಥವಾ ಕುಂದಾಪುರದ ಮಗು ತರಗತಿಯಲ್ಲಿದ್ದರೆ, ಯೇಸುವಿನ ಮಾತೂ ರಾಜಧಾನಿಯವರ ಕಿವಿಗೆ ಹಳ್ಳಿಯದಾಗಿ ಕೇಳಿಸಿರಬೇಕು ಎಂಬ ಒಂದು ವಾಕ್ಯ ಅದರ ಮುಖವನ್ನು ಅರಳಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಅದು ಯೆಹೂದ್ಯರ ಮನೆ. ಎಂಟನೆಯ ದಿನ ಸುನ್ನತಿಯಾಗಿ ಹೆಸರಿಟ್ಟರು. ಮಗುವನ್ನು ದೇವಾಲಯಕ್ಕೆ ತಂದಾಗ ಹಕ್ಕಿಗಳ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. ಕುರಿಮರಿ ಕೊಡಲಾಗದ ಬಡವರಿಗೆ ಹಳೆಯ ಒಡಂಬಡಿಕೆಯ ಯಾಜಕಕಾಂಡವು ಒದಗಿಸಿದ್ದ ಅನುಕೂಲವದು. ಲೂಕನು ಬಡತನ ಎಂಬ ಪದವನ್ನು ಬಳಸದೆ ಎರಡು ಹಕ್ಕಿಗಳಲ್ಲಿ ಅದನ್ನು ಹೇಳಿಬಿಟ್ಟಿರುವುದನ್ನು ದೊಡ್ಡ ಮಕ್ಕಳಿಗೆ ತೋರಿಸಬೇಕು. ಶುಕ್ರವಾರ ಹೊತ್ತು ಮುಳುಗಿದಾಗ ವಾರದ ವಿಶ್ರಾಂತಿ ದಿನವಾದ ಸಬ್ಬತ್ ಆರಂಭವಾಗುತ್ತಿತ್ತು. ಇಸ್ರಾಯೇಲೇ ಕೇಳು ಎಂದು ತೊಡಗುವ ಧರ್ಮೋಪದೇಶಕಾಂಡದ ಮಾತುಗಳನ್ನು, ಮನೆಯಲ್ಲಿ ಕುಳಿತಾಗಲೂ ದಾರಿ ನಡೆಯುವಾಗಲೂ ಮಕ್ಕಳಿಗೆ ಹೇಳಿಕೊಡಬೇಕೆಂದು ಅಲ್ಲಿಯೇ ಇರುವುದರಿಂದ, ಆತ ಮೊದಲು ಕಲಿತ ಪ್ರಾರ್ಥನೆ ಅದೇ ಇರಬೇಕು. ದೊಡ್ಡವನಾದ ಮೇಲೆ ನಜರೇತಿನ ಸಭಾಮಂದಿರದಲ್ಲಿ ವಾಡಿಕೆಯಂತೆ ಎದ್ದುನಿಂತು ಯೆಶಾಯನ ಸುರುಳಿಯನ್ನು ಓದಿದನೆಂದು ಲೂಕನು ಬರೆದಿದ್ದಾನೆ. ಓದಬೇಕಾದರೆ ಯಾರೋ ಕಲಿಸಿರಬೇಕು, ಕೈಹಿಡಿದು ಅಕ್ಷರ ತೋರಿಸಿರಬೇಕು. ಯೆಹೂದ್ಯರು ಎಂದರೆ ಯೇಸುವಿನ ವಿರೋಧಿಗಳು ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದು ನಮ್ಮ ಅಜಾಗರೂಕತೆಯಿಂದ. ಆತನ ತಾಯಿ, ಆತನ ಗುರುಗಳು, ಆತನ ಹಬ್ಬಗಳು, ಆತನ ಹಾಡುಗಳು ಎಲ್ಲವೂ ಆ ಜನರವು. ಗೋಡೆಯ ಮೇಲಿನ ಚಿತ್ರದಲ್ಲಿ ಹೊಂಬಣ್ಣದ ಕೂದಲಿನ, ನೀಲಿ ಕಣ್ಣಿನ ಬಾಲಕನಿದ್ದರೆ, ಅದು ಯೂರೋಪಿನ ಚಿತ್ರಕಾರರು ತಮ್ಮ ಮಕ್ಕಳನ್ನು ನೋಡಿ ಬರೆದದ್ದೆಂದು ಸರಳವಾಗಿ ಹೇಳಿ. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರದಂದು ಹೋಗಿಬರುವ ಮಕ್ಕಳು ರಾಜವಸ್ತ್ರ, ಕಿರೀಟಗಳನ್ನು ತೊಟ್ಟ ಬಾಲಕನ ಪ್ರತಿಮೆಯನ್ನು ಕಂಡಿರುತ್ತಾರೆ. ಪ್ರಾಗ್ ನಗರದ ಪ್ರತಿಮೆಯ ಮಾದರಿಯ ಆ ರೂಪ ಭಕ್ತಿಯ ಅಲಂಕಾರವೆಂದೂ, ನಜರೇತಿನಲ್ಲಿ ಆತ ತೊಟ್ಟದ್ದು ತಾಯಿ ತೊಳೆದು ಒಣಗಿಸಿದ ಬಟ್ಟೆಯೇ ಇರಬೇಕೆಂದೂ ಹೇಳಿದರೆ ಎರಡಕ್ಕೂ ಧಕ್ಕೆಯಾಗದು.

ಸಾಮ್ಯಗಳಿಂದ ಹಿಂದಕ್ಕೆ

ಬಾಲ್ಯದ ಬಗ್ಗೆ ಸುವಾರ್ತೆಗಳು ಮೌನವಾಗಿದ್ದರೂ ದೊಡ್ಡವನಾದ ಯೇಸುವಿನ ಮಾತುಗಳಲ್ಲಿ ಆ ಬಾಲ್ಯ ಅಲ್ಲಲ್ಲಿ ಇಣುಕುತ್ತದೆ. ನನ್ನ ಮಟ್ಟಿಗೆ ಇಡೀ ಪಾಠಮಾಲೆಯಲ್ಲಿ ಅತ್ಯಂತ ಸೊಗಸಾದ ತರಗತಿ ಇದು. ಮಕ್ಕಳಿಗೆ ಯೇಸು ಹೇಳಿದ ಸಾಮ್ಯಗಳನ್ನು, ಅಂದರೆ ಪುಟ್ಟ ದೃಷ್ಟಾಂತಗಳನ್ನು, ಕೊಟ್ಟು "ಇದನ್ನು ಹೇಳಬೇಕಾದರೆ ಚಿಕ್ಕಂದಿನಲ್ಲಿ ಆತ ಏನನ್ನು ನೋಡಿರಬೇಕು?" ಎಂದು ಕೇಳಿ. ಹಿಟ್ಟಿನಲ್ಲಿ ಹುಳಿ ಕಲಸಿಟ್ಟ ಹೆಂಗಸು, ದೀಪ ಹಚ್ಚಿ ಮನೆ ಗುಡಿಸಿ ಕಳೆದ ನಾಣ್ಯವನ್ನು ಹುಡುಕುವವಳು, ಹಳೆಯ ಬಟ್ಟೆಗೆ ಹೊಸ ತೇಪೆ ಹಾಕಿದರೆ ಹರಿಯುತ್ತದೆಂಬ ತಿಳಿವಳಿಕೆ ಇವೆಲ್ಲ ಅಡುಗೆಮನೆಯ ಹತ್ತಿರ ಬೆಳೆದವನ ಮಾತುಗಳು. ಕಣ್ಣಿನಲ್ಲಿ ಬಿದ್ದ ರವೆ ಮತ್ತು ತೊಲೆಯ ಮಾತು, ಮೃದುವಾದ ನೊಗದ ಮಾತು ಮರಗೆಲಸದ ಮನೆಯಿಂದ ಬಂದಂತಿವೆ. ಮರಿಗಳನ್ನು ರೆಕ್ಕೆಯ ಕೆಳಗೆ ಕೂಡಿಸಿಕೊಳ್ಳುವ ಕೋಳಿಯನ್ನು ಅಂಗಳದಲ್ಲಿ ಕುಳಿತು ನೋಡಿದವನೇ ಹಾಗೆ ಹೇಳಬಲ್ಲ.

ಪೇಟೆಯಲ್ಲಿ ಕುಳಿತ ಮಕ್ಕಳು ಒಬ್ಬರಿಗೊಬ್ಬರು, ನಾವು ಕೊಳಲೂದಿದರೂ ನೀವು ಕುಣಿಯಲಿಲ್ಲ, ಗೋಳಾಡಿದರೂ ನೀವು ಅಳಲಿಲ್ಲ ಎಂದು ದೂರುವ ಒಂದು ಮಾತು ಮತ್ತಾಯ ಮತ್ತು ಲೂಕ ಇಬ್ಬರಲ್ಲಿಯೂ ಇದೆ. ಮದುವೆಯಾಟ, ಸಾವಿನಾಟ ಎರಡನ್ನೂ ಆಡಿ, ಜೊತೆಗಾರರು ಸೇರದಿದ್ದಾಗ ಮುನಿಸಿಕೊಂಡ ಮಕ್ಕಳ ಮಾತದು. ಮಕ್ಕಳಿಗೆ ಇದನ್ನು ಓದಿ ಹೇಳಿದರೆ ಅವರು ಮೊದಲು ನಗುತ್ತಾರೆ, ಆಮೇಲೆ "ಅವನೂ ಆಡುತ್ತಿದ್ದನಾ?" ಎಂದು ಕೇಳುತ್ತಾರೆ. ಆಡಿರಬೇಕು. ಮುನಿಸಿಕೊಂಡವರನ್ನು ಕಂಡಂತೂ ಇರಬೇಕು.

ಹನ್ನೆರಡನೆಯ ವರ್ಷ

ಹನ್ನೆರಡು ವರ್ಷದ ಯೇಸು ತಂದೆತಾಯಿಯೊಡನೆ ಯೆಹೂದ್ಯರ ಪಸ್ಕಹಬ್ಬಕ್ಕೆ ಹೋದನು; ನಜರೇತಿನಿಂದ ಯೆರೂಸಲೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ನಾಲ್ಕೈದು ದಿನಗಳ ನಡಿಗೆ. ಮಾದಪ್ಪನ ಬೆಟ್ಟಕ್ಕೋ ಪಂಢರಪುರಕ್ಕೋ ಗುಂಪುಗೂಡಿ ನಡೆದು ಹೋಗುವವರನ್ನು ಕಂಡಿರುವ ಮಕ್ಕಳಿಗೆ ಈ ಪ್ರಯಾಣದ ಸ್ವರೂಪ ಬೇಗ ತಿಳಿಯುತ್ತದೆ: ನೆಂಟರು, ಊರವರು, ಬುತ್ತಿ, ಹಾಡು. ಕೀರ್ತನೆಗಳಲ್ಲಿ 120ರಿಂದ 134ರವರೆಗಿನ ಹದಿನೈದಕ್ಕೆ ಯಾತ್ರಾಗೀತೆ ಎಂಬ ತಲೆಬರಹವಿದೆ. ಅವುಗಳಲ್ಲಿ ಒಂದನ್ನು ನಡೆಯುತ್ತಾ ಹಾಡಿಸಿ. ಹಬ್ಬ ಮುಗಿದು ಎಲ್ಲರೂ ಹಿಂದಿರುಗುವಾಗ ಹುಡುಗ ಯೆರೂಸಲೇಮಿನಲ್ಲಿಯೇ ಉಳಿದುಬಿಟ್ಟನು, ಆಮೇಲೆ ಸಿಕ್ಕಿದ್ದು ದೇವಾಲಯದಲ್ಲಿ. ಇಷ್ಟು ದೊಡ್ಡ ಗುಂಪಿನಲ್ಲಿ ಮಗ ಇಲ್ಲವೆಂದು ತಂದೆತಾಯಿಗೆ ಒಂದು ದಿನ ಏಕೆ ತಿಳಿಯಲಿಲ್ಲವೆಂಬುದು ಆಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಹುಡುಗನನ್ನು ಪೀಠದ ಮೇಲೆ ಕೂರಿಸಿ, ಮುದುಕರಿಗೆ ಪಾಠ ಹೇಳುವವನನ್ನಾಗಿ ಮಾಡುವುದು. ಅನೇಕ ಚಿತ್ರಗಳೂ ಹಾಗೆಯೇ ಇವೆ. ಲೂಕನು ಬರೆದಿರುವ ಕ್ರಮವನ್ನು ಗಮನಿಸಿ: ಆತ ಬೋಧಕರ ನಡುವೆ ಕುಳಿತು ಅವರ ಮಾತು ಕೇಳುತ್ತಿದ್ದನು, ಅವರಿಗೆ ಪ್ರಶ್ನೆ ಹಾಕುತ್ತಿದ್ದನು. ಆತನ ಬುದ್ಧಿಗೂ ಉತ್ತರಗಳಿಗೂ ಅವರು ಬೆರಗಾದರು ಎಂಬುದು ಅದರ ನಂತರ ಬರುತ್ತದೆ. ಪ್ರಶ್ನೆ ಕೇಳಿ ಕಲಿಯುವುದು ಆ ಗುರುಗಳ ಪದ್ಧತಿಯೇ ಆಗಿತ್ತು. ನಮ್ಮ ತರಗತಿಯಲ್ಲಿ ಹೆಚ್ಚು ಪ್ರಶ್ನೆ ಕೇಳುವ ಮಗುವನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆಂಬುದನ್ನು ಈ ಪಾಠದ ಹಿಂದಿನ ರಾತ್ರಿ ಒಮ್ಮೆ ನೆನೆಯುವುದು ಒಳ್ಳೆಯದು.

"ಹೇಳದೆ ಉಳಿದುಕೊಂಡದ್ದು ತಪ್ಪಲ್ಲವೇ?" ಎಂದು ಮಕ್ಕಳು ಕೇಳುತ್ತಾರೆ. ತಾಯಿಯೂ ಅದನ್ನೇ ಕೇಳಿದಳೆಂದು ಹೇಳಿ. ಏಕೆ ಹೀಗೆ ಮಾಡಿದೆ, ನಿನ್ನ ತಂದೆಯೂ ನಾನೂ ಕಳವಳಗೊಂಡು ಹುಡುಕಿದೆವಲ್ಲ ಎಂದು ಮರಿಯಳು ಕೇಳಿದ್ದು ಮೂರು ದಿನ ಮಗನನ್ನು ಕಾಣದ ತಾಯಿಯ ಮಾತು. ಅದನ್ನು ಮೆದುಗೊಳಿಸದೆ ಓದಿ. ನನ್ನ ತಂದೆಯ ಮನೆಯಲ್ಲಿ ಇರಬೇಕೆಂಬುದು ನಿಮಗೆ ತಿಳಿಯದೇ ಎಂದು ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲವೆಂದು ಲೂಕನೇ ಬರೆದಿರುವಾಗ, ಅದನ್ನು ಪೂರ್ತಿ ಬಿಡಿಸಿ ಹೇಳಿಬಿಡುವ ಅವಸರ ನಮಗೆ ಬೇಡ. ಆಮೇಲೆ ಆತ ಅವರೊಡನೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಇದನ್ನು "ಅಪ್ಪ ಅಮ್ಮನ ಮಾತು ಕೇಳಿ" ಎಂಬ ಒಂದೇ ನೀತಿಗೆ ಇಳಿಸಿದರೆ ಕಥೆಯ ಅರ್ಧ ಬಿಟ್ಟಂತಾಗುತ್ತದೆ.

ಮರಿಯಳ ಮಾತಿನಿಂದ ಇನ್ನೊಂದು ಚಿಕ್ಕ ಪ್ರಶ್ನೆಯೂ ಬಗೆಹರಿಯುತ್ತದೆ. ಬಾಲಕ ಯೇಸುವನ್ನು "ಆತನು" ಎನ್ನಬೇಕೇ, "ಅವರು" ಎನ್ನಬೇಕೇ, "ಅವನು" ಎಂದರೆ ಅಗೌರವವೇ ಎಂದು ಅನೇಕರು ಅನುಮಾನಪಡುತ್ತಾರೆ. ನಿಮ್ಮ ಸಭೆಯ ವಾಡಿಕೆಯನ್ನು ನಿರೂಪಣೆಯಲ್ಲಿ ಇಟ್ಟುಕೊಳ್ಳಿ. ತಾಯಿ ಮಾತನಾಡುವಾಗ, ಓಣಿಯ ಹುಡುಗರು ಕೂಗಿ ಕರೆಯುವಾಗ ಏಕವಚನವೇ ಇರಲಿ. ಮಗನನ್ನು ಬಹುವಚನದಲ್ಲಿ ಗದರಿಸುವ ತಾಯಿ ನಜರೇತಿನಲ್ಲಿಯೂ ಇದ್ದಿರಲಾರಳು.

ಹೆರೋದನ ಕಥೆಯನ್ನು ಯಾವಾಗ ಹೇಳುವುದು

ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳ ಕೊಲೆಯನ್ನು ಆರೇಳು ವರ್ಷದವರಿಗೆ ಹೇಳುವ ಅಗತ್ಯವಿಲ್ಲ. ಕೆಟ್ಟ ರಾಜನಿಂದ ಮಗುವನ್ನು ಉಳಿಸಲು ರಾತ್ರಿಯೇ ಊರು ಬಿಟ್ಟರು ಎಂದರೆ ಸಾಕು. ಒಂಬತ್ತು ಹತ್ತರ ಮೇಲಿನವರಿಗೆ ಹೇಳಬೇಕು, ಮುಚ್ಚಿಡಬಾರದು. ಆದರೆ ನಾಟಕದಲ್ಲಿ ಅಭಿನಯಿಸಿ ತೋರಿಸಬಾರದು. ಉಳಿದ ಮಕ್ಕಳನ್ನು ದೇವರು ಏಕೆ ಉಳಿಸಲಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಮತ್ತಾಯನು ವಿವರಣೆ ಕೊಡುವುದಿಲ್ಲ, ಸಮಾಧಾನ ಹೊಂದಲೊಲ್ಲದೆ ಮಕ್ಕಳಿಗಾಗಿ ಅಳುವ, ಇಸ್ರಾಯೇಲರ ಪೂರ್ವಜೆ ರಾಹೇಲಳ ಮಾತನ್ನು ಪ್ರವಾದಿ ಯೆರೆಮೀಯನಿಂದ ಎತ್ತಿ ಬರೆಯುತ್ತಾನೆ. ನಾವೂ ಅಲ್ಲಿಯೇ ನಿಲ್ಲಬಹುದು. ಹೆರೋದನು ಸತ್ತದ್ದು ಕ್ರಿ.ಪೂ. 4ರಲ್ಲಿ. "ಹಾಗಾದರೆ ಕ್ರಿಸ್ತ ಹುಟ್ಟಿದ್ದು ಕ್ರಿಸ್ತಪೂರ್ವದಲ್ಲಿಯೇ?" ಎಂದು ಲೆಕ್ಕ ಬಲ್ಲ ಮಗು ಕೇಳಿದರೆ, ಹೌದು, ಆರನೆಯ ಶತಮಾನದಲ್ಲಿ ಡಯೊನೀಸಿಯಸ್ ಎಂಬ ಸನ್ಯಾಸಿ ವರ್ಷಗಳನ್ನು ಎಣಿಸುವಾಗ ಕೆಲವು ವರ್ಷ ತಪ್ಪಿದನು ಎಂದು ಹೇಳಿ.

ಹೆರೋದನ ನಂತರ ಯೂದಾಯದಲ್ಲಿ ಅವನ ಮಗ ಅರ್ಖೆಲಾಯನು ಆಳುತ್ತಿದ್ದಾನೆಂದು ಕೇಳಿ ಯೋಸೇಫನು ಹೆದರಿ ಗಲಿಲಾಯಕ್ಕೆ ಹೋದನೆಂದು ಮತ್ತಾಯನು ಬರೆದಿದ್ದಾನೆ. ಊರು ಬಿಟ್ಟು ಬಂದ ಕುಟುಂಬದ ಮಗು ನಿಮ್ಮ ತರಗತಿಯಲ್ಲಿದ್ದರೆ ಈ ವಾಕ್ಯವನ್ನು ನಿಧಾನವಾಗಿ ಓದಿ.

ಅಂತೆಕಂತೆಗಳು

ಐದು ವರ್ಷದ ಯೇಸು ಸಬ್ಬತ್ ದಿನ ಮಣ್ಣಿನಿಂದ ಹನ್ನೆರಡು ಗುಬ್ಬಿಗಳನ್ನು ಮಾಡಿ, ಚಪ್ಪಾಳೆ ತಟ್ಟಿ ಹಾರಿಸಿಬಿಟ್ಟನಂತೆ. ಎರಡನೆಯ ಶತಮಾನದಲ್ಲಿ ಹುಟ್ಟಿ ಯೇಸುವಿನ ಶಿಷ್ಯ ತೋಮನ ಹೆಸರಿನಲ್ಲಿ ಹರಡಿದ ಒಂದು ಬರಹದಲ್ಲಿ ಈ ಕಥೆಯಿದೆ. ಸಭೆ ಅದನ್ನು ಸತ್ಯವೇದದಲ್ಲಿ ಸೇರಿಸಲಿಲ್ಲ. ಗುಬ್ಬಿಯ ಕಥೆ ಮುದ್ದಾಗಿದ್ದರೂ ಅದೇ ಬರಹದಲ್ಲಿ ತನಗೆ ಡಿಕ್ಕಿ ಹೊಡೆದ ಹುಡುಗನನ್ನು ಬಾಲಯೇಸು ಶಪಿಸಿ ಸಾಯಿಸಿದನೆಂಬುದೂ ಇದೆ. ದೊಡ್ಡ ಮಕ್ಕಳಿಗೆ ಎರಡನ್ನೂ ಹೇಳಿ, ಸಭೆ ಅದನ್ನು ಏಕೆ ಹೊರಗಿಟ್ಟಿತೆಂದು ಕೇಳಿದರೆ ಚರ್ಚೆ ತಾನಾಗಿ ನಡೆಯುತ್ತದೆ. ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸವಾದದ್ದು ಯೇಸುವಿನ ಮೊದಲ ಸೂಚಕಕಾರ್ಯ, ಅಂದರೆ ಮೊದಲ ಪವಾಡ, ಎಂದು ಯೋಹಾನನು ಬರೆದಿರುವುದನ್ನು ಇಲ್ಲಿ ತೋರಿಸಿ. ಮುಸ್ಲಿಮ್ ಸ್ನೇಹಿತರಿರುವ ಮಕ್ಕಳು ಮಣ್ಣಿನ ಹಕ್ಕಿಯ ಕಥೆಯನ್ನು ಅವರಿಂದಲೂ ಕೇಳಿರಬಹುದು, ಏಕೆಂದರೆ ಈಸಾ (ಯೇಸು) ಮಣ್ಣಿನ ಹಕ್ಕಿಗೆ ಜೀವ ಕೊಟ್ಟದ್ದು ಕುರ್‌ಆನಿನಲ್ಲಿದೆ. ಅದು ಅವರ ನಂಬಿಕೆಯ ಗ್ರಂಥವಾದುದರಿಂದ ಗೌರವದಿಂದಲೇ ಮಾತನಾಡಬೇಕು.

ನಮ್ಮ ನಾಡಿನ ಮಕ್ಕಳು ಬಾಲಕೃಷ್ಣನ ಜೊತೆ ಹೋಲಿಸುವುದು ಇನ್ನೂ ಸಹಜ. ಬೆಣ್ಣೆ ಕದ್ದವನ, ಬಾಯೊಳಗೆ ಬ್ರಹ್ಮಾಂಡ ತೋರಿದವನ ಕಥೆಗಳು ಅವರ ಕಿವಿಯಲ್ಲಿರುತ್ತವೆ, "ನಮ್ಮ ಯೇಸು ಏನು ಮಾಡಿದ?" ಎಂದು ಕೇಳುತ್ತಾರೆ. ಪೈಪೋಟಿಗೆ ಇಳಿದು ಪವಾಡಗಳನ್ನು ಹುಡುಕಬೇಡಿ. ಸುವಾರ್ತೆಗಳಲ್ಲಿ ಬಾಲಯೇಸುವಿನ ಒಂದು ಪವಾಡವೂ ಇಲ್ಲ, ಅಲ್ಲಿ ಹೇಳಬೇಕಾದದ್ದೇ ಬೇರೆ ಎಂದು ತಿಳಿಸಿ.

ಇನ್ನೊಂದು ಅಂತೆಕಂತೆ ಭಾರತದ್ದು. ಹನ್ನೆರಡರಿಂದ ಮೂವತ್ತರವರೆಗೆ ಯೇಸು ಭಾರತಕ್ಕೆ ಬಂದು ಕಲಿತನಂತೆ ಎಂಬುದನ್ನು ಹೈಸ್ಕೂಲಿನ ಮಕ್ಕಳು ಯೂಟ್ಯೂಬಿನಲ್ಲಿ ನೋಡಿ ಬಂದಿರುತ್ತಾರೆ. ಲಡಾಖಿನ ಹೆಮಿಸ್ ಮಠದಲ್ಲಿ ಅದರ ಹಸ್ತಪ್ರತಿಯನ್ನು ಕಂಡೆನೆಂದು ರಷ್ಯಾದ ಪ್ರವಾಸಿಯೊಬ್ಬನು 1894ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಇದು ಹರಡಿತು. ಮರುವರ್ಷವೇ ಆಗ್ರಾದ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಹೆಮಿಸಿಗೆ ಹೋಗಿ ವಿಚಾರಿಸಿದಾಗ, ಅಂಥ ಗ್ರಂಥವೇ ಇಲ್ಲವೆಂದು ಮಠದ ಮುಖ್ಯ ಲಾಮಾ ಹೇಳಿದರು. ಅಲ್ಲದೆ, ನಜರೇತಿನವರು ಆತನನ್ನು ಕಂಡು ಇವನು ಆ ಬಡಗಿಯಲ್ಲವೇ ಎಂದದ್ದು, ತಮ್ಮ ಕಣ್ಣೆದುರೇ ಬೆಳೆದವನ ಬಗ್ಗೆ ಆಡುವ ಮಾತು.

ಉಳಿದ ಪ್ರಶ್ನೆಗಳು

ಯಾಕೋಬ, ಯೋಸೆ, ಯೂದ, ಸಿಮೋನ ಎಂಬ ನಾಲ್ವರನ್ನು ಯೇಸುವಿನ ಸಹೋದರರೆಂದು ಮಾರ್ಕನು ಹೆಸರಿಸುತ್ತಾನೆ, ಸಹೋದರಿಯರೂ ಇದ್ದರೆನ್ನುತ್ತಾನೆ. ಇವರು ಹತ್ತಿರದ ನೆಂಟರ ಮಕ್ಕಳೆಂದು ಕಥೋಲಿಕರೂ, ಯೋಸೇಫನ ಮೊದಲ ಹೆಂಡತಿಯ ಮಕ್ಕಳೆಂದು ಪೂರ್ವದ ಆರ್ಥೊಡಾಕ್ಸ್ ಸಭೆಯವರೂ, ಮರಿಯಳ ಮಕ್ಕಳೆಂದು ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರೂ ನಂಬುತ್ತಾರೆ. ನಿಮ್ಮ ಸಭೆಯ ಬೋಧನೆಯನ್ನು ಹೇಳಿ, ಬೇರೆಯವರು ಬೇರೆ ತಿಳಿಯುತ್ತಾರೆಂಬ ಒಂದು ಮಾತನ್ನೂ ಸೇರಿಸಿ. ಚಿಕ್ಕಪ್ಪನ ಮಗನನ್ನೂ ತಮ್ಮನೆಂದೇ ಕರೆಯುವ ನಮ್ಮ ಮನೆಗಳ ಮಕ್ಕಳಿಗೆ ಚರ್ಚೆಯ ತಿರುಳು ಹಿಡಿಯಲು ತಡವಾಗದು. ಹನ್ನೆರಡನೆಯ ವರ್ಷದ ಪ್ರಸಂಗದ ನಂತರ ಯೋಸೇಫನು ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಅವನು ಬೇಗ ತೀರಿಕೊಂಡಿರಬೇಕು ಎಂದು ಊಹಿಸುತ್ತಾರೆ. ತಂದೆಯಿಲ್ಲದ ಮಗುವೊಂದು ತರಗತಿಯಲ್ಲಿದ್ದರೆ ಈ ಮಾತನ್ನು ಹೇಗೆ, ಯಾವಾಗ ಹೇಳಬೇಕೆಂದು ಮೊದಲೇ ಯೋಚಿಸಿಕೊಳ್ಳಿ.

"ಅವನಿಗೆ ಜ್ವರ ಬರುತ್ತಿತ್ತೇ?" ಬಂದಿರಬೇಕು. "ಲೆಕ್ಕ ತಪ್ಪುತ್ತಿದ್ದನೇ?" ಕಲಿಯುವವರು ತಪ್ಪಿಯೇ ಕಲಿಯುತ್ತಾರೆ, ಲೆಕ್ಕ ತಪ್ಪುವುದು ಪಾಪವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಯೇಸು ಪಾಪವಿಲ್ಲದವನು ಎಂಬುದನ್ನು ಮಕ್ಕಳು ತಪ್ಪೇ ಮಾಡದವನು ಎಂದು ತಿಳಿದುಕೊಳ್ಳುತ್ತಾರೆ. ನಮ್ಮಂತೆಯೇ ಎಲ್ಲದರಲ್ಲಿಯೂ ಶೋಧನೆಗೆ ಒಳಗಾದರೂ ಪಾಪಮಾಡದವನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿದೆ. ಕತ್ತಲೆಗೆ ಹೆದರುವುದು, ಹಲ್ಲು ಬಿದ್ದಾಗ ಅಳುವುದು, ಅಕ್ಷರ ತಿರುಗುಮುರುಗಾಗುವುದು ಪಾಪದ ಕಡೆಗೆ ಸೇರುವುದಿಲ್ಲ.

ಕೊನೆಯ ತರಗತಿಯಲ್ಲಿ ಪ್ರತಿ ಮಗುವಿಗೂ ಒಂದು ಖಾಲಿ ಹಾಳೆ ಕೊಡಿ. ಮೇಲ್ಗಡೆ "ಹನ್ನೆರಡು", ಕೆಳಗಡೆ "ಸುಮಾರು ಮೂವತ್ತು" ಎಂದು ಬರೆಸಿ. ಎರಡನೆಯ ಸಂಖ್ಯೆ ಲೂಕನ ಮೂರನೆಯ ಅಧ್ಯಾಯದ್ದು. ನಡುವಿನ ಹದಿನೆಂಟು ವರ್ಷಗಳಲ್ಲಿ ಯಾವುದಾದರೂ ಒಂದು ಮಾಮೂಲಿ ದಿನವನ್ನು ಮಗು ಅರ್ಧ ಪುಟದಲ್ಲಿ ಬರೆಯಲಿ, ಬರೆಯಲಾಗದವರು ಚಿತ್ರ ಬಿಡಿಸಲಿ. ತಿದ್ದುವಾಗ ಕಾಗುಣಿತವನ್ನು ಬಿಟ್ಟುಬಿಡಿ. "ಇದ್ದನು", "ಇದ್ದಿರಬೇಕು", "ಇದ್ದನಂತೆ" ಮೂರೂ ತಮ್ಮ ತಮ್ಮ ಜಾಗದಲ್ಲಿವೆಯೇ ಎಂಬುದನ್ನಷ್ಟೇ ನೋಡಿ.